‘ಕೊರತೆಪಡೆನು’ ಅಂದ್ರೆ ಏನು?

ಆ ಭಾನುವಾರ ಸಂಡೇ ಸ್ಕೂಲಿನಲ್ಲಿ ಕಂಠಪಾಠ ಸ್ಪರ್ಧೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಮುಂದೆ ಬಂದು ನಿಂತಳು. ಎರಡೂ ಕೈ ಹಿಂದೆ ಕಟ್ಟಿಕೊಂಡಳು, ಕಣ್ಣು ಮುಚ್ಚಿದಳು, ಬೈಬಲಿನ 23ನೇ ಕೀರ್ತನೆ ಶುರುಮಾಡಿದಳು. “ಯೆಹೋವನು ನನಗೆ ಕುರುಬನು, ಕೊರತೆಪಡೆನು.” ಒಟ್ಟು ಆರು ವಚನ. ಎಲ್ಲೂ ತಡವರಿಸಲಿಲ್ಲ, ಒಂದು ಪದವೂ ಆಚೀಚೆ ಆಗಲಿಲ್ಲ. ನಾನು ಅಂಕದ ಹಾಳೆಯಲ್ಲಿ ಹತ್ತಕ್ಕೆ ಹತ್ತು ಬರೆದೆ. ಅವಳಿಗೇ ಮೊದಲ ಬಹುಮಾನ ಬಂತು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಮಕ್ಕಳೆಲ್ಲ ಹೊರಗೆ ಹೋದಮೇಲೆ ನಾನು ಗೋಡೆಯ ಚಾರ್ಟ್ ಬಿಚ್ಚಿ ಸುತ್ತುತ್ತಿದ್ದೆ. ಅವಳು ಇನ್ನೂ ಅಲ್ಲೇ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂತಿದ್ದಳು. ಮಾತಿಗೆ ಅಂತ ಸುಮ್ನೆ ಕೇಳಿದೆ.

“ಕೊರತೆಪಡೆನು ಅಂದ್ರೆ ಏನು ಪುಟ್ಟಾ?”

“ಕೊರತೆ ಪಡೀತೀನಿ ಅಂತ.”

“ಕುರುಬ ಇದ್ದೂ ಕೊರತೆ ಯಾಕೆ ಬರುತ್ತೆ?”

“ಗೊತ್ತಿಲ್ಲ ಅಕ್ಕ. ನಮ್ಮನೇಲೂ ಹಂಗೇ ಅಲ್ವಾ. ದಿನಾ ಪ್ರೇಯರ್ ಮಾಡ್ತೀವಿ. ಆದ್ರೂ ದುಡ್ಡಿರಲ್ಲ.”

ನಾನು ಚಾರ್ಟ್ ಕೆಳಗಿಟ್ಟೆ. “ಅಲ್ಲ ಪುಟ್ಟಾ, ಪಡೆನು ಅಂದ್ರೆ ಪಡುವುದಿಲ್ಲ ಅಂತ. ನನಗೆ ಕೊರತೆ ಆಗಲ್ಲ ಅಂತ ಅರ್ಥ” ಅಂದೆ. ಅವಳು “ಓ” ಅಂದಳು. ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಮ್ಮ ಕರೆದರು ಅಂತ ಓಡಿಹೋದಳು.

ತಪ್ಪು ಅವಳದ್ದಲ್ಲ. ‘ಪಡೆನು’ ಹಳೆಯ ನಿಷೇಧ ರೂಪ. ಅರಿಯೆನು, ಹೆದರೆನು ಅಂತೆಲ್ಲ ಇವತ್ತು ಯಾವ ಮಗುವೂ ಆಡುವುದಿಲ್ಲ. ಅವರಿಗೆ ಗೊತ್ತಿರುವುದು ‘ಪಡೆ’, ಅಂದರೆ ಸಿಗುವುದು. ಹಾಗಾಗಿ ತಿಂಗಳುಗಟ್ಟಲೆ ಅವಳು ಆ ಸಾಲನ್ನು ತಲೆಕೆಳಗಾಗಿ ಹೇಳುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಇಷ್ಟೇ ಆಗಿದ್ದರೆ ಟೀಚರ್‌ಗಳ ಮೀಟಿಂಗಿನಲ್ಲಿ ಹೇಳಿ ನಗಬಹುದಾದ ಒಂದು ಕಥೆ ಆಗುತ್ತಿತ್ತು. ಆದರೆ ನನ್ನನ್ನು ಇವತ್ತಿಗೂ ಕಾಡುವುದು ಬೇರೆ. ಆ ಹುಡುಗಿಗೆ ತನ್ನ ಅರ್ಥ ವಿಚಿತ್ರ ಅನ್ನಿಸಿರಲೇ ಇಲ್ಲ. ಕುರುಬ ಇದ್ದಾನೆ, ಕೊರತೆಯೂ ಇದೆ. ಅವಳ ಮನೆಗೆ ಅದು ಸರಿಯಾಗಿ ಹೊಂದುತ್ತಿತ್ತು. ಅವಳು ತನ್ನ ಬದುಕಿಗೆ ಹೊಂದಿಸಿ ಓದಿಕೊಂಡಿದ್ದಳು. ನಾನು ವ್ಯಾಕರಣ ತಿದ್ದಿದೆ. ದುಡ್ಡಿಲ್ಲ ಅಂದಿದ್ದಕ್ಕೆ ಒಂದು ಮಾತೂ ಆಡಲಿಲ್ಲ.

ಆ ಹತ್ತಕ್ಕೆ ಹತ್ತು ಯಾವುದಕ್ಕೆ ಕೊಟ್ಟೆ ನಾನು?

ಜೇನು ಎಲ್ಲಿ ಸವರಬೇಕು

ನಮ್ಮ ಕ್ಲಾಸಿನ ಗೋಡೆ ಮೇಲೆ ಒಂದು ಪಟ್ಟಿ ಇರುತ್ತೆ. ಹೆಸರು, ಹೆಸರಿನ ಮುಂದೆ ನಕ್ಷತ್ರದ ಸ್ಟಿಕ್ಕರ್. ಸತ್ಯವೇದ (ಬೈಬಲ್) ತಂದರೆ ಒಂದು, ಕಂಠಪಾಠ ವಾಕ್ಯ ಹೇಳಿದರೆ ಎರಡು, ಸ್ನೇಹಿತರನ್ನು ಕರೆದುಕೊಂಡು ಬಂದರೆ ಮೂರು. ನಾನೇ ಪ್ಯಾಕೆಟ್ ಪ್ಯಾಕೆಟ್ ಸ್ಟಿಕ್ಕರ್ ಕೊಂಡಿದ್ದೇನೆ, ಹಾಗಾಗಿ ಬೇರೆಯವರನ್ನು ಬೈಯುವ ಹಕ್ಕು ನನಗಿಲ್ಲ. ಅದು ಕೆಲಸ ಮಾಡುತ್ತೆ ಕೂಡ. ಗಲಾಟೆ ಮಾಡುವ ಹುಡುಗ ಚಾಕೊಲೇಟ್ ಕಂಡ ಕೂಡಲೇ ಯೋಹಾನ 3:16 ಒಪ್ಪಿಸಿಬಿಡುತ್ತಾನೆ. ಒಮ್ಮೆ ಚಾಕೊಲೇಟ್ ತರುವುದು ಮರೆತುಹೋಗಿತ್ತು. ಒಬ್ಬ ಹುಡುಗ ನೇರವಾಗಿ ಕೇಳಿದ: “ಇವತ್ತು ಇಲ್ವಾ? ಹಾಗಾದ್ರೆ ಮುಂದಿನ ವಾರ ಹೇಳ್ತೀನಿ.” ವಾಕ್ಯ ಅವನ ಹತ್ತಿರ ಸಿದ್ಧವಾಗಿತ್ತು. ಸರಕು ಇದೆ, ಗಿರಾಕಿ ಬಂದಿಲ್ಲ, ಅಷ್ಟೇ.

1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಒಂದು ಅಧ್ಯಯನ ಪ್ರಕಟಿಸಿದರು. ನರ್ಸರಿ ಮಕ್ಕಳಲ್ಲಿ ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸುವುದು ಮೊದಲೇ ಇಷ್ಟ ಇದ್ದವರನ್ನು ಆರಿಸಿದರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡ್ತೀವಿ’ ಅಂದರು. ಚಿನ್ನದ ನಕ್ಷತ್ರ, ರಿಬ್ಬನ್ ಎಲ್ಲ ಇದ್ದ ಪತ್ರ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ನೋಡಿದರೆ, ಪ್ರಶಸ್ತಿಯ ಆಸೆ ಹುಟ್ಟಿಸಿದ್ದ ಮಕ್ಕಳು ಉಳಿದವರ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ಮಾತ್ರ ಅವುಗಳ ಹತ್ತಿರ ಇದ್ದರು. ಮೊದಲೇ ಹೇಳದೆ, ಕೊನೆಯಲ್ಲಿ ಪತ್ರ ಕೊಟ್ಟಿದ್ದ ಮಕ್ಕಳ ಆಸಕ್ತಿ ಹೀಗೆ ಕುಗ್ಗಿರಲಿಲ್ಲ. ಚಿನ್ನದ ನಕ್ಷತ್ರ ಅಂತ ಓದಿದಾಗ ನಮ್ಮ ಗೋಡೆಯ ಪಟ್ಟಿ ನೆನಪಾಗಿ ಸ್ವಲ್ಪ ಇರಿಸುಮುರಿಸಾಯಿತು.

ಮಧ್ಯಯುಗದ ಯೂರೋಪಿನ ಯೆಹೂದ್ಯರಲ್ಲಿ ಒಂದು ಪದ್ಧತಿ ಇತ್ತು. ಮಗು ಮೊದಲ ಸಲ ಗುರುವಿನ ಹತ್ತಿರ ಓದಲು ಹೋದ ದಿನ ಹಲಗೆಯಲ್ಲಿ ಅಕ್ಷರ ಬರೆದು, ಅದರ ಮೇಲೆ ಜೇನು ಸವರುತ್ತಿದ್ದರು. ಮಗು ಅದನ್ನು ನೆಕ್ಕಬೇಕು. ಪ್ರವಾದಿ ಯೆಹೆಜ್ಕೇಲನು ದೇವರು ಕೊಟ್ಟ ಬರಹದ ಸುರುಳಿ ತಿಂದಾಗ ಅದು ಬಾಯಿಗೆ ಜೇನಿನ ಹಾಗೆ ಸಿಹಿಯಾಗಿತ್ತು ಅಂತ ಬರುತ್ತಲ್ಲ, ಅದನ್ನು ಮಗುವಿನ ನಾಲಿಗೆಗೆ ತೋರಿಸುವ ರೀತಿ. ಅದೂ ಒಂದು ಆಮಿಷವೇ ಅಲ್ವಾ ಅಂತ ಯಾರಾದರೂ ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಸಿಹಿ ಇದ್ದದ್ದು ಅಕ್ಷರದ ಮೇಲೇ. ನಾವು ಕೊಡುವ ಚಾಕೊಲೇಟ್ ಬರುವುದು ವಾಕ್ಯ ಮುಗಿದ ಮೇಲೆ, ಔಷಧಿ ಕುಡಿಸಿ ಸಕ್ಕರೆ ಕೊಡುವ ಹಾಗೆ. ಮಗು ಅದರಿಂದ ಏನು ಕಲಿಯುತ್ತೆ? ಈ ವಾಕ್ಯ ಕಹಿ ಇರಬೇಕು, ಇಲ್ಲದಿದ್ದರೆ ಇವರು ಯಾಕೆ ಸಿಹಿ ಕೊಡ್ತಾರೆ ಅಂತ.

ತುಂಡು ತುಂಡು

ಕಂಠಪಾಠದ ವಿರೋಧಿ ಅಲ್ಲ ನಾನು. ಶಿಲುಬೆಯ ಮೇಲೆ ಯೇಸುವಿನ ಬಾಯಿಗೆ ಬಂದದ್ದು ಕೀರ್ತನೆಯ ಸಾಲುಗಳು. ಅಡವಿಯಲ್ಲಿ ಸೈತಾನನಿಂದ ಶೋಧನೆಯಾದಾಗ ಮೂರು ಸಲವೂ ಧರ್ಮೋಪದೇಶಕಾಂಡದಿಂದ ಉತ್ತರ ಕೊಟ್ಟನು. ಕಷ್ಟದ ಹೊತ್ತಿಗೆ ಪುಸ್ತಕ ತೆಗೆದು ಹುಡುಕುವ ವ್ಯವಧಾನ ಇರುವುದಿಲ್ಲ, ಒಳಗೆ ಇರುವುದೇ ಬರಬೇಕು. ಆದರೆ ಅದೇ ಅಧ್ಯಾಯದಲ್ಲಿ, ಮತ್ತಾಯ 4ರಲ್ಲಿ, ಸೈತಾನನೂ 91ನೇ ಕೀರ್ತನೆಯಿಂದ ಒಂದು ವಾಕ್ಯ ಹೇಳುತ್ತಾನೆ. ನಮ್ಮ ಸ್ಪರ್ಧೆಗೆ ಬಂದಿದ್ದರೆ ಅವನಿಗೂ ಒಳ್ಳೆ ಅಂಕವೇ ಬರುತ್ತಿತ್ತು.

ವಚನಗಳಿಗೆ ನಂಬರ್ ಇದ್ದದ್ದರಿಂದಲೇ ಈ ತುಂಡು ಮಾಡುವ ಅಭ್ಯಾಸ ಇಷ್ಟು ಸುಲಭವಾಯಿತು ಅಂತ ನನ್ನ ಅನುಮಾನ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಅನ್ನುವ ಇಂಗ್ಲೆಂಡಿನ ಧರ್ಮಗುರು ಮಾಡಿದ್ದು. ನಾವು ಇವತ್ತು ಬಳಸುವ ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳು ಬಂದದ್ದು 1551ರಲ್ಲಿ, ರೋಬೇರ್ ಎಸ್ತಿಯೆನ್ ಅನ್ನುವ ಮುದ್ರಕ ಅಚ್ಚು ಹಾಕಿದ ಗ್ರೀಕ್ ಪ್ರತಿಯಲ್ಲಿ. ಅಲ್ಲಿಯವರೆಗೆ ಸಾವಿರದ ನಾನೂರಕ್ಕೂ ಹೆಚ್ಚು ವರ್ಷ ಅಪೊಸ್ತಲ ಪೌಲ ಸಭೆಗಳಿಗೆ ಬರೆದ ಪತ್ರವನ್ನು ಪತ್ರದ ಹಾಗೇ ಓದಿದರು. ಯಾರಾದರೂ ನಮಗೆ ಪತ್ರ ಬರೆದರೆ ಏಳನೇ ಸಾಲನ್ನು ಮಾತ್ರ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಳ್ಳುತ್ತೀವಾ?

ಆದರೆ ಮಾಡುವುದು ಅದನ್ನೇ. ಓಟದ ಸ್ಪರ್ಧೆಗೆ ಮುಂಚೆ ಒಬ್ಬ ಹುಡುಗ ಫಿಲಿಪ್ಪಿ 4:13 ಹೇಳಿಕೊಂಡ. ನನ್ನನ್ನು ಬಲಪಡಿಸುವವನಲ್ಲಿದ್ದು ಎಲ್ಲವನ್ನೂ ಮಾಡಬಲ್ಲೆ ಅನ್ನುವ ಅರ್ಥದ ವಚನ. ಓಟದಲ್ಲಿ ನಾಲ್ಕನೆಯವನಾಗಿ ಬಂದ. ಬಂದು ನನ್ನ ಹತ್ತಿರ “ಅಕ್ಕ, ವಾಕ್ಯ ಕೆಲಸ ಮಾಡ್ಲಿಲ್ಲ” ಅಂದ, ಟಾರ್ಚಿನ ಬ್ಯಾಟರಿ ಹೋಯಿತು ಅನ್ನುವ ಹಾಗೆ. ಆ ಪತ್ರ ಬರೆಯುವಾಗ ಪೌಲ ಸೆರೆಮನೆಯಲ್ಲಿದ್ದ, ಹಿಂದಿನ ವಚನದಲ್ಲೇ ಹಸಿದುಕೊಂಡಿರುವುದನ್ನೂ ಕೊರತೆಯಲ್ಲಿರುವುದನ್ನೂ ಕಲಿತಿದ್ದೇನೆ ಅಂತ ಬರೆದಿದ್ದಾನೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಯಾರೂ ಅಂದರೆ ನಾನು. ಯೆರೆಮೀಯ 29:11 ಅಂತೂ ಕೇಳಲೇಬೇಡಿ. ನಿಮ್ಮ ವಿಷಯದಲ್ಲಿ ನನಗೆ ಒಳ್ಳೆಯ ಯೋಚನೆಗಳಿವೆ ಅನ್ನುವ ಆ ಮಾತನ್ನು ಕಪ್ಪಿನ ಮೇಲೆ, ಕ್ಯಾಲೆಂಡರ್ ಮೇಲೆ ಎಲ್ಲ ಹಾಕಿರುತ್ತಾರೆ. ಅದರ ಹಿಂದಿನ ವಚನದಲ್ಲಿ, ಅದು ನೆರವೇರಲು ಎಪ್ಪತ್ತು ವರ್ಷ ಆಗಬೇಕು ಅಂತಿದೆ. ಬಾಬೆಲಿಗೆ ಸೆರೆ ಹೋದವರಲ್ಲಿ ಹತ್ತು ವರ್ಷದ ಮಗುವೊಂದು ಅದನ್ನು ಕೇಳಿಸಿಕೊಂಡಿದ್ದರೆ, ಅದು ನೆರವೇರುವ ಹೊತ್ತಿಗೆ ಎಂಬತ್ತು ದಾಟಿರಬೇಕು. ಈ ಲೆಕ್ಕವನ್ನು ಒಮ್ಮೆ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆದೆ. ಮಕ್ಕಳು ಗಪ್‌ಚಿಪ್. ಆಮೇಲೆ ಒಬ್ಬಳು “ಹಾಗಾದ್ರೆ ಅವರಿಗೆ ಬೇಜಾರಾಗಿರಲ್ವಾ?” ಅಂದಳು. ಅಷ್ಟು ದಿನ ಅದೇ ವಾಕ್ಯ ಒಪ್ಪಿಸುತ್ತಿದ್ದಾಗ ಯಾರಿಗೂ ಯಾರ ಬೇಜಾರೂ ನೆನಪಾಗಿರಲಿಲ್ಲ.

ಪ್ರಶ್ನೆ ಯಾರು ಕೇಳಬೇಕು?

ವಿಮೋಚನಕಾಂಡ 12ರಲ್ಲಿ ಪಸ್ಕ ಹಬ್ಬದ ವಿಷಯ ಹೇಳುವಾಗ ಒಂದು ಮಾತು ಬರುತ್ತೆ. ‘ಇದರ ಅರ್ಥ ಏನು’ ಅಂತ ನಿಮ್ಮ ಮಕ್ಕಳು ಕೇಳಿದಾಗ ಹೀಗೆ ಹೇಳಿ ಅಂತ. ಯೆಹೋಶುವ 4ರಲ್ಲಿ ಯೊರ್ದನ್ ಹೊಳೆಯಿಂದ ಹನ್ನೆರಡು ಕಲ್ಲು ತಂದು ನಿಲ್ಲಿಸಿದ್ದೂ ಅದಕ್ಕೇ, ಮಕ್ಕಳು ನೋಡಿ ‘ಈ ಕಲ್ಲು ಯಾಕೆ’ ಅಂತ ಕೇಳಲಿ ಅಂತ. ಧರ್ಮೋಪದೇಶಕಾಂಡ 6ರಲ್ಲಿ, ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಿ ಅಂತ ನಾವು ಪೋಷಕರಿಗೆ ಮತ್ತೆ ಮತ್ತೆ ತೋರಿಸುವ ಭಾಗ ಇದೆಯಲ್ಲ, ಅದರ ಕೊನೆಗೂ ಇದೇ ಇದೆ: ಮುಂದೆ ನಿಮ್ಮ ಮಗ ಕೇಳಿದಾಗ. ಎಲ್ಲಾ ಕಡೆ ಮಗು ಕೇಳುತ್ತೆ, ದೊಡ್ಡವರು ಉತ್ತರ ಹುಡುಕುತ್ತಾರೆ. ನಮ್ಮ ಕ್ಲಾಸಿನಲ್ಲಿ ಉಲ್ಟಾ. ನಾವು ಕೇಳ್ತೀವಿ, ಮಗು ಉತ್ತರ ಒಪ್ಪಿಸಬೇಕು. ಉತ್ತರ ಗೊತ್ತಿಲ್ಲದಿದ್ದರೆ ‘ಯೇಸು’ ಅಂದರೆ ಸಾಕು ಅಂತ ನಾಲ್ಕು ವರ್ಷಕ್ಕೇ ಕಲಿತುಬಿಟ್ಟಿರುತ್ತಾರೆ.

ಇದನ್ನೆಲ್ಲ ಯೋಚಿಸುತ್ತಿದ್ದ ಹೊತ್ತಿನಲ್ಲಿ ಒಂದು ಭಾನುವಾರ ನನ್ನ ಪಾಠದ ತಯಾರಿ ಸರಿಯಾಗಿ ಆಗಿರಲಿಲ್ಲ. (ನಿಜ ಹೇಳಬೇಕೆಂದರೆ ಆಗಿಯೇ ಇರಲಿಲ್ಲ.) ಚಿತ್ರ ಇಲ್ಲ, ಹಾಡು ಇಲ್ಲ, ಕತ್ತರಿಸಿ ಅಂಟಿಸುವ ಕೆಲಸ ಇಲ್ಲ. ಬೇರೆ ದಾರಿ ಕಾಣದೆ ಯೋನನ ಪುಸ್ತಕ ತೆಗೆದು ಮೊದಲಿಂದ ಕೊನೆವರೆಗೆ ಓದಿಬಿಟ್ಟೆ. ನಾಲ್ಕೇ ಅಧ್ಯಾಯ, 48 ವಚನ. ದೇವರ ಮಾತು ಕೇಳದೆ ಓಡಿದ ಯೋನನನ್ನು ದೊಡ್ಡ ಮೀನು ನುಂಗುವ ಭಾಗ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಸ್ವಲ್ಪ ಚಡಪಡಿಸಿದರು. ಮೀನು ಯೋನನನ್ನು ಕಾರಿದ ಮೇಲೆ ಕಥೆ ಮುಗಿಯಿತು ಅಂತ ಇಬ್ಬರು ಎದ್ದೇಬಿಟ್ಟರು. “ಇನ್ನೂ ಇದೆ, ಕೂತ್ಕೊಳ್ಳಿ” ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಕೊನೆ ಅಧ್ಯಾಯಕ್ಕೆ ಬರುವಾಗ ಕೋಣೆ ಪೂರ್ತಿ ನಿಶ್ಶಬ್ದ. ನಾಶವಾಗಬೇಕಿದ್ದ ನಿನೆವೆ ಪಟ್ಟಣದವರು ಉಳಿದುಕೊಂಡರು ಅಂತ ಯೋನ ಸಿಟ್ಟು ಮಾಡಿಕೊಳ್ಳುತ್ತಾನೆ. ಊರ ಹೊರಗೆ ಹೋಗಿ ಕೂರುತ್ತಾನೆ. ನೆರಳಿಗೆ ಒಂದು ಗಿಡ ಬೆಳೆಯುತ್ತೆ, ಅವನಿಗೆ ಖುಷಿ. ಮಾರನೇ ದಿನ ಹುಳು ಕಡಿದು ಗಿಡ ಒಣಗುತ್ತೆ, ಅವನಿಗೆ ಸಾಯುವಷ್ಟು ಕೋಪ. ಆಗ ದೇವರು ಕೇಳುತ್ತಾನೆ: ನೀನು ನೆಡದ, ಬೆಳೆಸದ ಗಿಡಕ್ಕೆ ಇಷ್ಟು ಮರುಗಿದೆ. ಎಡಗೈ ಬಲಗೈ ತಿಳಿಯದ ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ, ಬೇಕಾದಷ್ಟು ದನಕರು ಇರುವ ಈ ಪಟ್ಟಣಕ್ಕೆ ನಾನು ಮರುಗಬಾರದಾ?

ನಾನು ಪುಸ್ತಕ ಮುಚ್ಚಿದೆ.

“ಆಮೇಲೆ?”

“ಅಷ್ಟೇ.”

“ಯೋನ ಏನಂದ?”

“ಬರೆದಿಲ್ಲ.”

“ಪೇಜ್ ಹರಿದುಹೋಗಿದೆಯಾ ಅಕ್ಕ?”

ಹುಡುಗ ಎದ್ದು ಬಂದು ನನ್ನ ಸತ್ಯವೇದ ತೆಗೆದು ಪುಟ ತಿರುವಿ ನೋಡಿದ. ಮೀಕ ಶುರುವಾಗಿತ್ತು. ಇನ್ನೊಬ್ಬಳು ತನ್ನದು ತೆಗೆದು ನೋಡಿದಳು. ಎಲ್ಲರೂ ತಂತಮ್ಮ ಪುಸ್ತಕ ತೆರೆದು, ಪುಟ ತಪ್ಪಿಹೋಗಿಲ್ಲ ಅಂತ ಖಾತ್ರಿ ಮಾಡಿಕೊಂಡರು. ನನ್ನ ಇಷ್ಟು ವರ್ಷದ ಸಂಡೇ ಸ್ಕೂಲಿನಲ್ಲಿ ಯಾರೂ ಹೇಳದೆ, ಸ್ಟಿಕ್ಕರ್ ಇಲ್ಲದೆ, ಹನ್ನೊಂದು ಮಕ್ಕಳು ಒಟ್ಟಿಗೆ ಸತ್ಯವೇದ ತೆರೆದದ್ದು ಅದೇ ಮೊದಲು. ಆಮೇಲೆ ಜಗಳ ಶುರುವಾಯಿತು. ಯೋನ ‘ಸಾರಿ’ ಅಂದಿರುತ್ತಾನೆ ಅಂತ ಕೆಲವರು. ಅವನು ಅಂಥವನಲ್ಲ, ಮುಖ ತಿರುಗಿಸಿಕೊಂಡು ಹೋಗಿರುತ್ತಾನೆ ಅಂತ ಇನ್ನು ಕೆಲವರು. ಒಬ್ಬ ಚಿಕ್ಕವನು, ದೇವರು ಹಸುಗಳನ್ನೂ ಯಾಕೆ ಲೆಕ್ಕಕ್ಕೆ ತಗೊಂಡ ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅಂದಿನಿಂದ ತಿಂಗಳಿಗೊಂದು ಭಾನುವಾರ ಬರೀ ಓದುವುದು. ರೂತಳ ಪುಸ್ತಕ ಒಂದೇ ದಿನ ಮುಗಿಯಿತು. ಮಾರ್ಕನ ಸುವಾರ್ತೆಯ 16 ಅಧ್ಯಾಯಕ್ಕೆ ನಾಲ್ಕು ತಿಂಗಳು ಹಿಡಿಯಿತು. ಎಲ್ಲಾ ಸಲ ಯೋನನ ಹಾಗೆ ಆಗುವುದಿಲ್ಲ, ಕೆಲವು ಸಲ ಆಕಳಿಸುತ್ತಾರೆ. ಆಕಳಿಸಲಿ.

ಅಪ್ಪನ ಪೆನ್ಸಿಲ್

ನನಗೆ ಈ ಪುಸ್ತಕದ ಮೇಲೆ ಆಸೆ ಹುಟ್ಟಿದ್ದು ಸಂಡೇ ಸ್ಕೂಲಿನಲ್ಲಿ ಅಲ್ಲ. ಅಲ್ಲಿ ನನಗೆ ಗೌರವ ಕಲಿಸಿದರು. ಸತ್ಯವೇದ ನೆಲದ ಮೇಲಿಡಬಾರದು, ಅದರ ಮೇಲೆ ಬೇರೆ ಪುಸ್ತಕ ಇಡಬಾರದು, ಒಳಗೆ ಏನೂ ಬರೆಯಬಾರದು. ಒಮ್ಮೆ ಹಾಳೆಯ ಮೂಲೆ ಮಡಚಿದ್ದಕ್ಕೆ ಟೀಚರ್ ಒಬ್ಬರು ಎಲ್ಲರ ಮುಂದೆ ನಿಲ್ಲಿಸಿ ಬೈದಿದ್ದರು. ಅದಾದ ಮೇಲೆ ಎಷ್ಟೋ ವರ್ಷ ನನ್ನ ಸತ್ಯವೇದ ಹೊಸದರ ಹಾಗೇ ಇತ್ತು. ತೆರೆದರೆ ತಾನೇ ಹಾಳಾಗುವುದು.

ಅಪ್ಪನದ್ದು ಬೇರೆ ಥರ. ಅವರು ಜಾಸ್ತಿ ಓದಿದವರಲ್ಲ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲುಗಿಸುತ್ತಾ ಓದುತ್ತಿದ್ದರು. ಕಿವಿಯ ಮೇಲೆ ಒಂದು ಚೋಟುದ್ದ ಪೆನ್ಸಿಲ್. ನಮ್ಮನ್ನು ಒಂದು ದಿನವೂ ‘ಓದಿ’ ಅಂತ ಎಬ್ಬಿಸಿದವರಲ್ಲ. ಯೆಶಾಯ 8ರಲ್ಲಿ ಪ್ರವಾದಿಯ ಮಗನ ಹೆಸರು ಬರುತ್ತಲ್ಲ, ಮಹೇರ್ ಶಾಲಾಲ್ ಹಾಷ್ ಬಜ್ ಅಂತ, ಅದನ್ನು ಮೂರು ಸಲ ತಪ್ಪಾಗಿ ಓದಿ, ತಮಗೆ ತಾವೇ ನಕ್ಕು, “ಪಾಪ, ಊಟಕ್ಕೆ ಕರೆಯೋಷ್ಟರಲ್ಲಿ ಅನ್ನ ಆರಿಹೋಗಿರುತ್ತೆ” ಅಂದದ್ದು ನಾನು ಹೊದಿಕೆಯೊಳಗಿಂದ ಕೇಳಿಸಿಕೊಂಡಿದ್ದೆ. ಇನ್ನೊಂದು ದಿನ ಯೋಬನ ಪುಸ್ತಕ ಓದುತ್ತಿದ್ದವರು ಟಪ್ಪಂತ ಮುಚ್ಚಿದರು. “ಏಳು ದಿನ ಸುಮ್ನೆ ಪಕ್ಕದಲ್ಲಿ ಕೂತಿದ್ರು ನೋಡು, ಅಲ್ಲಿವರೆಗೆ ಒಳ್ಳೆ ಸ್ನೇಹಿತರು. ಬಾಯಿ ತೆಗೆದ್ರು, ಎಲ್ಲಾ ಹಾಳು” ಅಂತ ಅಮ್ಮನಿಗೆ ಹೇಳಿದರು. ಪಕ್ಕದ ಮನೆಯವರ ಬಗ್ಗೆ ಹೇಳುತ್ತಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಆ ಸ್ನೇಹಿತರು ಯಾರು ಅಂತ ತಿಳಿಯಬೇಕು ಅನ್ನಿಸಿ, ಅವರು ಕೆಲಸಕ್ಕೆ ಹೋದಮೇಲೆ ಅವರ ಸತ್ಯವೇದ ತೆಗೆದೆ. ಅಂಚಿನಲ್ಲೆಲ್ಲ ಪೆನ್ಸಿಲ್ ಗೆರೆ. ಕೆಲವು ಕಡೆ ಒಂದು ತಾರೀಖು. ತುಂಬಾ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ.

ದೊಡ್ಡವರು ದೇವರ ವಾಕ್ಯದ ಪಕ್ಕ ಪ್ರಶ್ನೆ ಹಾಕಬಹುದು ಅಂತ ನನಗೆ ಆ ದಿನ ಗೊತ್ತಾಯಿತು. ಪ್ರಶ್ನೆ ಹಾಕಿಯೂ ಮಾರನೇ ದಿನ ಮತ್ತೆ ಅದನ್ನೇ ತೆಗೆದುಕೊಂಡು ಕೂರಬಹುದು ಅಂತಲೂ. ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುವಾಗ ಅವನ ಅಜ್ಜಿ ಲೋವಿ, ತಾಯಿ ಯೂನೀಕೆ ಇಬ್ಬರ ನಂಬಿಕೆಯನ್ನು ನೆನೆಸುತ್ತಾನೆ, ಚಿಕ್ಕಂದಿನಿಂದಲೇ ನಿನಗೆ ಪವಿತ್ರ ಬರಹಗಳ ಪರಿಚಯ ಇದೆ ಅನ್ನುತ್ತಾನೆ. ಅವರು ಹೇಗೆ ಕಲಿಸಿದರು ಅಂತ ಒಂದು ಸಾಲೂ ಇಲ್ಲ. ನನ್ನ ಊಹೆ, ಅಜ್ಜಿ ಏನೋ ಗೊಣಗುತ್ತಿದ್ದಿರಬೇಕು, ಹುಡುಗ ಹೊದಿಕೆಯೊಳಗಿಂದ ಕೇಳಿಸಿಕೊಳ್ಳುತ್ತಿದ್ದಿರಬೇಕು.

ಮತ್ತೆ 23ನೇ ಕೀರ್ತನೆ

ಹೋದ ವರ್ಷದ ಕೊನೆಗೆ ಓದುವ ಭಾನುವಾರ 23ನೇ ಕೀರ್ತನೆಯನ್ನು ಮತ್ತೆ ತೆಗೆದೆವು. ಯಾರೂ ಒಪ್ಪಿಸಬೇಕಾಗಿಲ್ಲ, ನೋಡಿಕೊಂಡೇ ಓದಿ ಅಂದೆ. ಎಲ್ಲರ ಕೈಗೂ ಪೆನ್ಸಿಲ್ ಕೊಟ್ಟಿದ್ದೆ. ಸತ್ಯವೇದದಲ್ಲಿ ಬರೆಸುತ್ತಿದ್ದಾರೆ ಅಂತ ಒಬ್ಬರು ಪೋಷಕರು ಪಾಸ್ಟರ್ ಹತ್ತಿರ ದೂರು ಕೊಟ್ಟಿದ್ದೂ ಆಯಿತು, ಅದು ಬೇರೆ ಕಥೆ. ನಿನ್ನ ದೊಣ್ಣೆ ನನಗೆ ಧೈರ್ಯ ಕೊಡುತ್ತೆ ಅನ್ನುವ ಸಾಲು ಬಂದಾಗ, ದೊಣ್ಣೆ ಕಂಡರೆ ಯಾರಿಗಾದರೂ ಧೈರ್ಯ ಬರುತ್ತಾ ಅಂತ ಒಬ್ಬ ಕೇಳಿದ. ಅದು ಕುರಿಗೆ ಹೊಡೆಯೋಕಲ್ಲ, ಕುರಿ ಹಿಡಿಯೋಕೆ ಬರುವ ಮೃಗಕ್ಕೆ ಅಂದೆ. ಅವನಿಗೆ ಬಹಳ ಸಮಾಧಾನ ಆಯಿತು.

ಆ ಹುಡುಗಿಗೆ ಈಗ ಹತ್ತು ದಾಟಿದೆ. ಬೆರಳಿಟ್ಟು ಓದುತ್ತಿದ್ದವಳು ನಾಲ್ಕನೇ ವಚನದಲ್ಲಿ ನಿಂತಳು.

“ಅಕ್ಕ, ಇಲ್ಲಿ ಬದಲಾಗುತ್ತೆ.”

“ಏನು?”

“ಮೇಲೆಲ್ಲ ಆತನು, ಆತನು ಅಂತಿದೆ. ಕತ್ತಲೆ ಕಣಿವೆ ಬಂದ ತಕ್ಷಣ ನೀನು ಅಂತಿದೆ.”

ನಾನು ಈ ಕೀರ್ತನೆಯನ್ನು ಎಷ್ಟು ಸಲ ಓದಿದ್ದೇನೋ, ಎಷ್ಟು ಸಾವಿನ ಮನೆಗಳಲ್ಲಿ ಕೇಳಿದ್ದೇನೋ. ಇದನ್ನು ಗಮನಿಸಿರಲಿಲ್ಲ. “ಯಾಕಿರಬಹುದು?” ಅಂದೆ. ಈ ಸಲ ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ.

“ಕತ್ತಲಲ್ಲಿ ಪಕ್ಕದಲ್ಲಿ ಇರೋರ ಹತ್ರ ತಾನೇ ಮಾತಾಡೋದು” ಅಂದಳು, ಅದರಲ್ಲಿ ಕೇಳೋದೇನಿದೆ ಅನ್ನುವ ಹಾಗೆ. ಆಮೇಲೆ ಬೆರಳು ಮೇಲಕ್ಕೆ ತಂದು ಮೊದಲನೇ ವಚನದ ಮೇಲಿಟ್ಟಳು. “ಆದ್ರೆ ಇದು ನಂಗೆ ಇನ್ನೂ ಸರಿ ಅನ್ಸಲ್ಲ ಅಕ್ಕ. ಅರ್ಥ ಗೊತ್ತು. ಆದ್ರೂ.”

“ಮನೇಲಿ ಹೇಗಿದೆ ಈಗ?” ಅಂತ ಕೇಳಿದೆ. ಒಂದೂವರೆ ವರ್ಷ ತಡವಾಗಿ.

ಅವಳು ಹೇಳಿದಳು. ಅಪ್ಪನ ಕೆಲಸ ಹೋದದ್ದು, ಅಮ್ಮ ರಾತ್ರಿ ಅಳುವುದು, ಸಾಲ ಕೊಟ್ಟವರು ಬಾಗಿಲಿಗೆ ಬರುವುದು. ಉಳಿದ ಮಕ್ಕಳೂ ಕೇಳಿಸಿಕೊಂಡರು. ಯಾರೂ ಏನೂ ಹೇಳಲಿಲ್ಲ, ನಾನೂ ವಾಕ್ಯ ತೋರಿಸಲು ಹೋಗಲಿಲ್ಲ. ಹೇಳಿ ಮುಗಿಸಿ ಅವಳು ಪೆನ್ಸಿಲ್ ತೆಗೆದು, ‘ಕೊರತೆಪಡೆನು’ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಚಿಕ್ಕದು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮದ್ರಲ್ಲೂ ಹಾಕ್ಲಾ?” ಅಂದಳು. ನಾನು ಪುಸ್ತಕ ಅವಳ ಕಡೆ ಸರಿಸಿದೆ.